ತಲಿ ಲೆಕ್ಕ

ಸಂಘದ ನೋಟ್‌ಬುಕ್ಕಿನ ಹಿಂದಿನ ಹಾಳಿಯೊಳಗ
ಬರದಿಟ್ಟೀನಿ, ಅಣ್ಣ ಗಾಳೆಪ್ಪನ ತಲಿ ಲೆಕ್ಕ:
ಕುಕನೂರಿಗೆ ಬಸ್ಸು ಇಪ್ಪತ್ತೆರಡು, ಬರೂದು ಇಪ್ಪತ್ತೆರಡು,
ಕಟಿಂಗು ದಾಡಿ ಕೂಡಿ ನೂರಾ ಹತ್ತು,
ನಡುವ ಒಂದು ಚಾ, ಹತ್ತು,
ತಪ್ಪಿದ ಕೂಲಿ ಒಂದು ದಿನದ್ದು, ನಾನೂರು.
ಒಟ್ಟು ಐನೂರಾ ಅರವತ್ನಾಕು.

ಅಗಸಿ ಬಾಗಲದಾಗ, ಹಡಪದ ಶಂಕ್ರಪ್ಪನ ಅಂಗಡ್ಯಾಗ
ಅಂಥವ ಕೂದಲು ಐವತ್ತಕ್ಕ ಉದುರತಿದ್ದವು,
ಊರವರವು.
ಉಳಿದ ಐನೂರಾ ಹದಿನಾಕಕ್ಕ ಏನಂತ ಬರೀಲಿ?
ಮೇಡಂ ಕಲಿಸಿದ್ದು ಎರಡ ಕಾಲಂ, ಜಮಾ, ಖರ್ಚು.
ಮೂರನೇದಕ್ಕ ನಾನ ಗೆರಿ ಹೊಡದೆ.
ಹೆಸರು ಇಟ್ಟಿಲ್ಲ ಇನ್ನಾ.

ನಾವು ಸಣ್ಣವರಿದ್ದಾಗ ಅಪ್ಪ
ಕುರಿ ಉಣ್ಣಿ ಕತ್ತರಸೂ ಕತ್ತರಿಲೆ ಅಣ್ಣನ ಕೂದಲಾ ಹೊಡೀತಿದ್ದ.
ಸಾಲ್ಯಾಗ ಹುಡುಗರು ಕರೀತಿದ್ದರು,
ಏ ಮೆಟ್ಟಲಾ, ಏಸು ಪಾವಟಿಗಿ ಅದಾವಲೇ ನಿನ್ನ ತಲ್ಯಾಗ?
ಅಂವ ಎಣಿಸಿ ಹೇಳತಿದ್ದ, ಏಳು.
ಲೆಕ್ಕದಾಗ ನಮ್ಮ ಮನಿ ಮೊದಲಿಂದ ಗಟ್ಟಿ.

ಹೋದ ಸುಗ್ಗ್ಯಾಗ ನಾಕು ಮಂದಿ ಹುಡುಗರು
ಹೋಗಿ ಕುಂತರು ಶಂಕ್ರಪ್ಪನ ಕುರ್ಚಿ ಮ್ಯಾಲ.
ಇಲ್ಲ ಅನಲಿಲ್ಲ ಅಂವ.
ಕರೆಂಟಿಲ್ಲ ಅಂದ. ಫ್ಯಾನು ತಿರಗತಿತ್ತು.
ಕತ್ತರಿ ಮೊಂಡಾಗೇತಿ ಅಂದ.
ಅವ್ವಗ ಆರಾಮಿಲ್ಲ ಅಂದ, ಆಕಿ ಸತ್ತು ಆರು ವರ್ಷ.
ಕೊಪ್ಪಳದಿಂದ ಸಾಹೇಬರು ಬಂದರು, ಜೀಪು ಬಂತು,
ಒಬ್ಬ ಹುಡುಗನ ಅರ್ಧಾ ತಲಿ ಆಗೂತನಕ ಫೋಟೋ ತಗದರು,
ಶಾಂತಿಸಭೆ ಮುಗೀತು, ಮಂಡಾಳ ಮಿರ್ಚಿ ತಿಂದು ಹೋದರು.
ಮರುದಿನ ಶಟರ್ ಇಳೀತು. ಎಲ್ಲಾರಿಗೂ ಇಳೀತು.
ನೋಡ್ರಿ, ಸಮಾನ ಆತಲ್ಲಾ ಅಂದರು ಗೌಡರ ಮನ್ಯಾಗ,
ಹಿತ್ತಲದಾಗ ಕುಂತು ದಾಡಿ ಮಾಡಿಸಿಕೋತ.

ಹಳ್ಳದ ದಂಡಿಗೆ ಸಿಕ್ಕಿದ್ದ ಒಮ್ಮಿ, ಚೀಲ ಬಗಲಾಗ ಹಿಡಕೊಂಡು.
ಕೇಳಿಬಿಟ್ಟೆ. ನೆಲ ನೋಡಿ ಹೇಳಿದ:
ನಿಮ್ಮ ತಲಿ ಮುಟ್ಟಿದರ ಕೈ ಸುಡೂದಿಲ್ಲ ತಂಗೀ,
ಹೊಟ್ಟಿ ಸುಡತೈತಿ.
ಆಯದ ಜ್ವಾಳ ಒಂಬತ್ತು ಚೀಲ, ಅಂದ.
ಒಂಬತ್ತು ಚೀಲ. ಅದನ್ನೂ ಬರಕೊಂಡೆ.

ಯಮನೂರ ಮಂಗಳೂರಾಗ ಸೆಂಟ್ರಿಂಗ್ ಕೆಲಸಕ್ಕ ಹೋದಾಂವ,
ಶೆಡ್ಡಿನಾಗ ಮಂದಿ ಕೂದಲಾ ಕತ್ತರಿಸಿ ಕಲತು ಬಂದಿದ್ದ.
ಮಷಿನು, ಕುರ್ಚಿ, ಕನ್ನಡಿಗೆ ನಾಕು ಸಾವಿರ ಸಾಲ ಬೇಕು.
ಸಂಘದಾಗ ನಕ್ಕರು ಹೆಂಗಸರು, ಕೂದಲಕ್ಕ ಸಾಲಾ?
ಗಿಡ್ಡ ಹನುಮವ್ವ ಎಲಿಅಡಿಕಿ ಉಗುಳಿ ಬಂದು ಅಂದಳು:
ಮ್ಯಾಕಿ ಸಾಯತಾವ. ಕೂದಲಾ ಸಾಯೂದಿಲ್ಲ. ಕೊಡ್ರಿ.
ಕೊಟ್ಟ್ವಿ. ಸಮುದಾಯ ಭವನದ ಪಡಸಾಲ್ಯಾಗ
ಮಳಿ ಹೊಡದು ಕನ್ನಡಿ ಏರಸಿದ್ವಿ. ಕನ್ನಡ್ಯಾಗ ಮೊದಲು ಕಂಡದ್ದು
ಹಾದು ಹೊಂಟ ಯಾರದೋ ಎಮ್ಮಿ.

ಕಟಿಂಗು ಬರತಿತ್ತು ಅವಗ, ಕತ್ತಿ ಬರತಿರಲಿಲ್ಲ.
ಕುತಿಗಿ ಹಿಂದ ಎರಡು ಮಂದಿಗೆ ರಕ್ತ ಬಂತು.
ಅಮಾಸಿ ಮರುದಿನ, ಕರೆಂಟು ಖರೇನ ಹೋದ ರಾತ್ರಿ,
ಶಂಕ್ರಪ್ಪ ಬಂದ. ಕಾಲಾಗ ಚಪ್ಪಲಿ ಇರಲಿಲ್ಲ, ಸಪ್ಪಳಾಗಬಾರದಂತ.
ಬಂದಾಂವನ ಕುರ್ಚಿ ಮ್ಯಾಲ ಕುಂತ.
ಹಚ್ಚು, ಅಂದ. ನನ್ನ ಮ್ಯಾಲ ಕಲಿ.
ಮೊಬೈಲ್ ಬೆಳಕು ನಾ ಹಿಡದೆ.
ಕತ್ತಿ ಮಲಗಸು. ಚರ್ಮ ಜಗ್ಗು. ಹೆದರಬ್ಯಾಡ. ಇನ್ನಟು ಮಲಗಸು.
ಊರ ಕುತಿಗಿ ಎಲ್ಲಾ ಹಿಡದ ಮನಷ್ಯಾ
ತನ್ನ ಕುತಿಗಿ ಯಾರ ಕೈಯಾಗ ಕೊಟ್ಟಿದ್ದನೋ ಇಷ್ಟು ವರ್ಷ,
ಕಣ್ಣ ಮುಚ್ಚಿದ್ದ.

ಎದ್ದು ಐವತ್ತರ ನೋಟು ಕಟ್ಟಿ ಮ್ಯಾಲ ಇಟ್ಟ.
ಚಾ ಕೊಟ್ಟೆ, ನಮ್ಮನಿ ಸ್ಟೀಲ್ ಲೋಟದಾಗ.
ಹಿಡಕೊಂಡು ನಿಂತ, ಆರೂ ತನಕ.
ನನ್ನ ಮೊಬೈಲಿನ ಚಾರ್ಜು ಆವಾಗ ಮುಗೀತು.

ಮುಂಜಾನೆ ಕಸಬರಿಗಿ ತಗೊಂಡು ಹೋದರ
ಖಾಲಿ ಲೋಟ ಕಟ್ಟಿ ಮ್ಯಾಲ ಬೋರಲು ಇತ್ತು.
ಕಟ್ಟಿ ಕೆಳಗಿನ ಮಣ್ಣು ಹಸಿ ಐತೇನಂತ ನಾ ನೋಡಲಿಲ್ಲ.
ಬಿಳಿ ಕೂದಲಾ ಕರಿ ಕೂದಲಾ ಕೂಡೇ ಬಳದು ತಿಪ್ಪಿಗೆ ಹಾಕಿ ಬಂದು
ಜಮಾ: ಐವತ್ತು, ಅಂತ ಬರದೆ.
ಯಾರಿಂದ ಅನ್ನೂದು ಖಾಲಿ.
ಶಟರ್ ಇವತ್ತಿಗೂ ಇಳದೇತಿ.