ಎರಡು ಸಲ ಕರಿದು

ನೆಗ್ರೊಅಮಾರೊ: ಕರಿದು, ಮೇಲೆ ಕಹಿ ಎಂದು ಮೇಷ್ಟರು.
ಅಲ್ಲ, ಎರಡು ಸಲ ಕರಿದು,
ಗ್ರೀಕರ ಮಾತು ಬೆರೆತಿದೆ ಎಂದು ಪಾದ್ರಿ.
ಗ್ವಾನ್ಯಾನೊದ ಚೌಕದಲ್ಲಿ ಈ ಜಗಳಕ್ಕೆ ನಲವತ್ತು ವರ್ಷ.
ಇಪ್ಪಾತ್ಸಿಯೊ ನಡುವೆ ಕೂತು
ಇಬ್ಬರ ಲೋಟವನ್ನೂ ತುಂಬುತ್ತಾನೆ,
ತೀರ್ಪು ಕೊಡುವುದಿಲ್ಲ.

ಟ್ಯಾಂಕರ್ ಓಡಿಸುತ್ತಿದ್ದವನು.
ತೊಟ್ಟಿಗಳ ಕುದಿ ಇಳಿದ ಮೇಲೆ
ಸಮುದ್ರವನ್ನು ಬಲಕ್ಕಿಟ್ಟುಕೊಂಡು
ಉತ್ತರಕ್ಕೆ ಹೊರಡುತ್ತಿದ್ದ,
ಬೆನ್ನ ಹಿಂದೆ ಇಪ್ಪತ್ತು ಸಾವಿರ ಲೀಟರ್ ಕತ್ತಲೆ
ತಿರುವಿನಲ್ಲೆಲ್ಲ ತುಳುಕಾಡುತ್ತ.
ಅಲ್ಲಿಯವರ ಬಡಕಲು ವೈನಿಗೆ ಮೈ ಬರಲೆಂದು
ರಾತ್ರಿ ಹೊತ್ತು, ಹಿಂಬಾಗಿಲಿನಿಂದ,
ಪೈಪು ಹಚ್ಚಿ ಇಳಿಸಿಕೊಳ್ಳುತ್ತಿದ್ದರು.
ರಶೀದಿಯಲ್ಲಿ ಹೆಸರಿಲ್ಲ. ತೂಕ ಮಾತ್ರ.

ಒಮ್ಮೆ ತೊರಿನೊದಲ್ಲಿ, ಭತ್ಯೆ ಉಳಿದಿತ್ತು,
ಬಿಳಿ ಮೇಜುಬಟ್ಟೆಯ ಹೋಟೆಲು ಹೊಕ್ಕ.
ಚಿನ್ನದಂಚಿನ ಲೇಬಲ್ಲು, ಯಾರದೋ ಕೋಟೆ.
ಮಾಣಿ ಸೊಂಟ ಬಾಗಿಸಿ ಒಂದು ಗುಟುಕು ಸುರಿದ.
ಮೊದಲು ಏನೂ ಇಲ್ಲ. ಬರೀ ಮರ್ಯಾದೆ.
ನುಂಗಿದ ಮೇಲೆ, ನಾಲಗೆಯ ಬುಡದಲ್ಲಿ, ತಡವಾಗಿ,
ಆ ಒಗರು.
ಅಕ್ರೋಟಿನ ಎಳೆ ಸಿಪ್ಪೆ ಕಚ್ಚಿದಂತೆ,
ಕೆಮ್ಮಣ್ಣಲ್ಲಿ ಆಡಿ ಬೆರಳು ಚೀಪಿದಂತೆ.
‘ಇದು ನನ್ನದೊಂದು ಗುರುವಾರ’ ಅಂದ.
ಮಾಣಿ ಬಿಲ್ಲು ತಂದ.

ನನಗೆ ಕುಡಿಯಲು ಕಲಿಸಿದ್ದು ಅವನ ಹೆಂಡತಿ ಕ್ರೊಚಿಫಿಸ್ಸ.
ಮಧ್ಯಾಹ್ನವೇ ಬಿರಡೆ ಕೀಳು, ರಾತ್ರಿಗೆ ಕುಡಿ;
ದೂರದಿಂದ ಬಂದವರನ್ನು
ಹೊಸ್ತಿಲಲ್ಲೇ ಮಾತಾಡಿಸಬಾರದು.
ಅಷ್ಟರಲ್ಲಿ ಮಣ್ಣಿನ ಗಡಿಗೆಯಲ್ಲಿ
ಕುದುರೆ ಮಾಂಸ ಟೊಮೇಟೊದೊಳಗೆ ಹಟ ಬಿಡುತ್ತದೆ.
ಗಟ್ಟಿ ರೊಟ್ಟಿ ನೆನೆಸು, ಎಣ್ಣೆ ಸುರಿ, ಕಾಯಿ.
ಆಮೇಲೆ ಬರುತ್ತದೆ ನೋಡು:
ಒಣಗಿದ ಅಂಜೂರ, ಹೊಗೆಸೊಪ್ಪು,
ಬಿಸಿಲು ಕುಡಿದ ಕಲ್ಲುಗೋಡೆಗೆ
ಮೊದಲ ಹನಿ ಬಿದ್ದಾಗಿನ ಆವಿ,
ಕೊನೆಗೆ ಕಹಿ; ಅದನ್ನು ಸಕ್ಕರೆ ತಿಂದು ಓಡಿಸಬೇಡ,
ಕೂತುಕೊಳ್ಳಲಿ.

ನಾನೀಗ ಸಹಕಾರ ಸಂಘದಲ್ಲಿ ಲೇಬಲ್ಲು ಅಂಟಿಸುವವಳು.
ಊರಿನ ಹೆಸರು ದೊಡ್ಡಕ್ಷರದಲ್ಲಿದೆ.
ಮೊದಲ ಸೀಸೆ ಒಯ್ದು ಮುಂದಿಟ್ಟಾಗ
ಇಪ್ಪಾತ್ಸಿಯೊ ಓದಲಿಲ್ಲ, ಕನ್ನಡಕ ಒಳಗಿದೆ ಎಂದ.
ಲೋಟವನ್ನು ದೀಪಕ್ಕೆ ಹಿಡಿದ. ಬೆಳಕು ದಾಟಲಿಲ್ಲ.
‘ಲೋಡು ಸರಿಯಾಗಿದೆ.’

ಮೇಷ್ಟರೂ ಪಾದ್ರಿಯೂ ಮತ್ತೆ ಶುರು ಮಾಡಿದರು.
ಯಾರೋ ಮೇಜು ಗುದ್ದಿದರು.
ಅವನ ಅಂಗೈ, ತಾನೇ ಹೋಗಿ,
ಲೋಟದ ಬಾಯಿ ಮುಚ್ಚಿತು,
ಮುಂದೆಲ್ಲೋ
ಒಂದು ತಿರುವು ಇದೆಯೆಂಬಂತೆ.