ಗುತ್ಯಪ್ಪನ ಹಕಾರ

ಒಟ್ಟು ಏಳು ರಿಜಿಸ್ಟರು. ಗಾಜನೂರು ಅಣೆಕಟ್ಟಿನವು.
ಎಡಪುಟದಲ್ಲಿ ತುಂಗೆಯ ಮಟ್ಟ,
ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು,
ಎಷ್ಟು ಗೇಟು ತೆರೆದದ್ದು, ಸಹಿ.
ಬಲಪುಟ ಸರ್ಕಾರದ್ದಲ್ಲ.
ಅಲ್ಲಿ ಅರವತ್ತೆರಡರ ಚಳಿ, ಹೇಸರಗತ್ತೆಗಳ ಸಾಲು,
ಲಗಾಮು ಹಿಡಿದು ನಡೆದವನ ಕೈಬರಹ.

ಹೋದ ಮಾಘದಲ್ಲಿ ಅವನು ತೀರಿಕೊಂಡ ಮೇಲೆ
ಬಂಗಾರಮ್ಮ ಅವನ್ನು ಗೊಬ್ಬರದ ಚೀಲದಲ್ಲಿ ತಂದು
ದುರ್ಗಿಗುಡಿಯ ನಮ್ಮ ಪ್ರೆಸ್ಸಿನ ಕೌಂಟರಿನ ಮೇಲಿಟ್ಟು
ಹೇಳಿದ್ದು ಇಷ್ಟೆ:
“ಅಲ್ಲಲ್ಲಿ ನನ್ನ ರೇಷನ್ ಲೆಕ್ಕಾನೂ ಐತೆ.
ಅದನ್ನ ಪದ್ಯ ಅಂತ ಅಚ್ಚು ಮಾಡಬ್ಯಾಡಮ್ಮ.”

ನನ್ನ ಕೆಲಸ ಕರಡು ತಿದ್ದುವುದು.
ಮದುವೆ ಕರೆಯೋಲೆ, ಸೊಸೈಟಿಯ ವಾರ್ಷಿಕ ವರದಿ,
ವೈಕುಂಠ ಸಮಾರಾಧನೆ. ಯಾರ ಸಾವಿನಲ್ಲೂ
ಒಂದು ಒತ್ತಕ್ಷರ ತಪ್ಪಲು ಬಿಟ್ಟವಳಲ್ಲ.
ಕೆಂಪು ಪೆನ್ನು ತೆರೆದೆ.

ಗುತ್ಯಪ್ಪನಿಗೆ ಹಕಾರ ಬರುವುದಿಲ್ಲ.
ಸೊರಬದ ಕಡೆಯ ನಾಲಿಗೆ, ಮೂರನೇ ಕ್ಲಾಸಿಗೆ ಬಿಟ್ಟ ಶಾಲೆ.
ಹಿಮ ಇಮವಾಗಿದೆ. ಹಸಿವು ಅಸಿವು.
ಹಕ್ಕಿ ಎಲ್ಲ ಕಡೆಯೂ ಅಕ್ಕಿ.
‘ಕಣಿವೆ ಮ್ಯಾಲೆ ಅಕ್ಕಿ ಆರಿತು’ ಎಂದು ಬರೆದಿದ್ದಾನೆ
ನಾಲ್ಕು ದಿನದಿಂದ ಉಂಡಿರದ ಮನುಷ್ಯ.
ತಿದ್ದಿದೆ. ಹಕ್ಕಿ ಹಾರಿತು.
ಹಾರಿ ಎತ್ತಲೋ ಹೋಯಿತು,
ಸಾಲಿನಲ್ಲಿದ್ದ ಹಸಿವನ್ನೂ ಕಚ್ಚಿಕೊಂಡು.

ಆಮೇಲೆ ಇದು:

    ಅತ್ತು ದಿನ ನಡೆದೇವು ಏಸರಗತ್ತೆ ಮುಂದಾಗಿ
    ಸತ್ತೋರ ಎಸರ ಕೂಗಬ್ಯಾಡಿರಿ ಅಂದ್ರು
    ಕತ್ತಲಿಗೆ ಕಿವಿ ಐತೆ ಅಂತ

ಹತ್ತು ದಿನ. ಸತ್ತವರ ಹೆಸರು. ಗೊತ್ತು ನನಗೆ.
ಆದರೆ ಅತ್ತು, ಅತ್ತು, ದಿನ ನಡೆದವರು
ನನ್ನ ಹತ್ತರಲ್ಲಿ ಎಲ್ಲಿ ಸಿಗುತ್ತಾರೆ?
ಸತ್ತವರ ಎಸರು
ಇನ್ನೂ ಯಾವ ಒಲೆಯ ಮೇಲೆ ಮರಳುತ್ತಿದೆ,
ಹಾಕಬೇಕಾದ ಅಕ್ಕಿ ಹಾರಿಹೋದ ಮೇಲೆ?

ಪೆನ್ನಿಗೆ ಮುಚ್ಚಳ ಹಾಕಿದೆ. ಕಾಫಿ ಕುಡಿದು ಬಂದೆ. ಮತ್ತೆ ತೆಗೆದೆ.
ಹಕಾರ ಅವನಲ್ಲಿ ಇಲ್ಲವೇ ಇಲ್ಲ ಎಂದಲ್ಲ,
ಒಂದೇ ಒಂದು ಕಡೆ, ಬೇಡದಲ್ಲಿ, ಬಂದು ಕೂತಿದೆ:
‘ಆರು ಹಾಳು ಹೋದೆವು. ಒಂದು ಹಾಳು ಬಂದೆ.’

ಪಕ್ಕದಲ್ಲಿ ಪೆನ್ಸಿಲಿನಿಂದ ಆಳು ಎಂದು ಬರೆದು ನೋಡಿದೆ.
ಅಳಿಸಿದೆ.

ಮಾಲೀಕರು ರೇಗಿದರು. ಓದಿದವರು ನಗುತ್ತಾರೆ,
ಪ್ರೆಸ್ಸಿನ ಮಾನ ಹೋಗುತ್ತದೆ.
ಹೋಗಲಿ ಎಂದೆ. ಎಂದು, ಹೆದರಿ,
ಬಂಗಾರಮ್ಮನನ್ನು ಕೇಳಲು ಗಾಜನೂರಿನ ಬಸ್ಸು ಹತ್ತಿದೆ.
ಅವರಿಗೆ ಓದು ಬಾರದು. ನಾನೇ ಓದಿದೆ, ಎರಡು ಥರ,
ಅವನದ್ದು ಮೊದಲು, ನನ್ನದು ಆಮೇಲೆ.
ಕಣ್ಣು ಮುಚ್ಚಿ ಕೇಳಿದರು.
“ಎರಡೂ ಒಂದೇ ಅಲ್ವೇನಮ್ಮ?” ಅಂದರು.

ಆಮೇಲೆ, ಬಾಗಿಲ ತನಕ ಬಂದು:
“ಚಮೇಲಿ ಎಸರು ಎಲ್ಲೂ ಬರ್ದಿಲ್ವಾ?
ನಿದ್ದೇಲಿ ಕೂಗ್ತಿದ್ದದ್ದು ಅದೊಂದೇ.
ಯಾರೋ ಎಂಗಸು ಅಂತ
ನಾನು ಎರಡು ವರ್ಷ ಮಾತು ಬಿಟ್ಟಿದ್ದೆ.
ಕತ್ತೆ ಅಂತೆ. ಪ್ರಪಾತಕ್ಕೆ ಬಿದ್ದಿದ್ದು.”

ಬರೆದಿರಲಿಲ್ಲ. ಎಲ್ಲ ಕಡೆಯೂ ಗೊರಸಿನ ಮೇಲಿನ ನಂಬರು ಮಾತ್ರ.

ಇನ್ನೂರು ಪ್ರತಿ. ಶನಿವಾರ, ಲೈಬ್ರರಿಯ ಮಹಡಿಯ ಮೇಲೆ
ಹಾಜರಿಗೆಂದು ಬಂದ ಎನ್‌ಸಿಸಿ ಮಕ್ಕಳು ಇಪ್ಪತ್ತು ಜನ.
ಒಬ್ಬ ಹುಡುಗ ಕೇಳಿದ, “ಇವರು ಎಷ್ಟು ಜನರನ್ನ ಹೊಡೆದ್ರು, ಮಿಸ್?”
ಕತ್ತೆಯ ಬೆನ್ನ ಮೇಲೆ ಏನಿತ್ತೋ ಅಷ್ಟು, ಎನ್ನಬೇಕೆಂದುಕೊಂಡೆ,
ಗಂಟಲು ಕಟ್ಟಿತು. ಪುಸ್ತಕ ಕೊಟ್ಟೆ.

ಓದಿದವಳು ಹೊಸನಗರದ ಕಡೆಯ ಹುಡುಗಿ, ಬೂಟಿನ ಲೇಸು ಬಿಚ್ಚಿತ್ತು.
ಅಕ್ಕಿ ಆರಿತು ಎಂದಾಗ ಯಾರೂ ನಗಲಿಲ್ಲ.
ಹಾಳು ಬಂದೆ ಎಂದು ನಿಲ್ಲಿಸಿ,
ನಿಲ್ಲಿಸಿದ್ದು ತಪ್ಪೇನೋ ಎಂಬಂತೆ ಕೆಳಗಿನ ಸಾಲಿಗಿಳಿದು
ಅದೇ ದನಿಯಲ್ಲಿ ಓದಿದಳು:
ಅಕ್ಕಿ ಮೂರು ಸೇರು. ಸೀಮೆಎಣ್ಣೆ ಎರಡು ಲೀಟರು.
ಬೆಲ್ಲ ಇಲ್ಲ.

ಹಿಂದಿನ ಬೆಂಚಿನಲ್ಲಿ ಬಂಗಾರಮ್ಮ ನನ್ನ ಕಡೆ ತಿರುಗಿದರು,
ಹೇಳಿದ್ದೆನಲ್ಲ ಎಂಬಂತೆ.