ಆರಿಸುವುದು

ಗ್ರಿಮ್ಸ್‌ಬಿಯ ಲೈಬ್ರರಿ. ಗುರುವಾರ, ಹತ್ತೂವರೆ.
ಎನಿಡಜ್ಜಿ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ತಂದಿದ್ದಾಳೆ,
ಜ್ವರ ಬಂದ ಬೆಕ್ಕನ್ನು ತಂದ ಹಾಗೆ.

ತೆರೆದರೆ ಪರದೆ ತುಂಬ ಕೆಂಪು:
ಆರಿಸಬೇಡಿ. ಈಗಲೇ ಈ ನಂಬರಿಗೆ ಕರೆ ಮಾಡಿ.
ಮಾಡಿದ್ದಾಳೆ. ನಲವತ್ತು ನಿಮಿಷ.
'ಕೆವಿನ್ ಅಂತೆ. ಬಹಳ ಮರ್ಯಾದಸ್ಥ ಹುಡುಗ.
ಅವನ ದನಿ...'
ನನ್ನ ಮುಖ ನೋಡಿ ನಿಲ್ಲಿಸಿದಳು.
ಗೊತ್ತಾಯಿತು. ಅದೇ ಒತ್ತಿ ಬೀಳುವ ಟಕಾರ,
ಮಾತಿಗೊಮ್ಮೆ ಅದೇ 'ಮ್ಯಾಡಮ್'.

ಆರಿಸಬೇಡಿ ಅಂದದ್ದನ್ನೇ ಮೊದಲು ಆರಿಸಿದೆ.
ಆಮೇಲೆ ಕೆವಿನ್ ಚೆಲ್ಲಿಹೋದದ್ದನ್ನೂ ಆರಿಸಿದೆ,
ಒಂದೊಂದೇ, ಅಕ್ಕಿಯ ಕಲ್ಲಿನಂತೆ.
ನಾಳೆ ನಾಳೆ ಎಂದು ದೂಡಿದ ಅಪ್‌ಡೇಟುಗಳು
ಒಗೆಯದ ಬಟ್ಟೆಯಂತೆ ಮೂಲೆಯಲ್ಲಿ ಬಿದ್ದಿದ್ದವು.
ಬ್ಯಾಂಕಿಗೆ ಫೋನು ಅವಳ ಕೈಯಿಂದಲೇ,
ಕಾರ್ಡಿನ ಬೆನ್ನ ಮೇಲಿದ್ದ ನಂಬರಿಗೆ.
ಕಾಯಿಸುವ ಸಂಗೀತಕ್ಕೆ ಅವಳ ಬೆರಳು
ಮೇಜಿನ ಮೇಲೆ ತಾಳ ತಪ್ಪುತ್ತಿತ್ತು.
ಆರುನೂರು ಪೌಂಡು ಹೋಗಿದೆ. ಉಳಿದದ್ದು ಉಳಿದಿದೆ.

'ಇನ್ನು ಹೊಸ ಪಾಸ್‌ವರ್ಡು. ಯಾರಿಗೂ ಹೇಳಬಾರದು.'
'ನಿನಗೂ?'
'ನನಗೂ.'

ಎದ್ದು ಕಿಟಕಿಗೆ ಮುಖ ಮಾಡಿದೆ.
ಹೊರಗೆ ಮೀನಿನ ಲಾರಿ, ಅದರ ಮೇಲೆ
ಕಡಲಹಕ್ಕಿಗಳ ಪಂಚಾಯಿತಿ.
ಬೆನ್ನ ಹಿಂದೆ ಒಂದು ಅಕ್ಷರ. ಇನ್ನೊಂದು.
ಬಹಳ ಹೊತ್ತು ಏನಿಲ್ಲ.
'ನನ್ನ ಗಂಡನ ದೋಣಿಯ ಹೆಸರು...'
'ಶ್! ಅದು ಬೇಡ, ಬೇರೆ' ಅಂದೆ, ತಿರುಗದೆ.
ಅವಳು ನಕ್ಕಳು.
ಅಳಿಸಿದ ಸದ್ದು, ಟಕ್ ಟಕ್, ಏಳೆಂಟು ಸಲ;
ಎಣಿಸಬಾರದಿತ್ತು, ಎಣಿಸಿಬಿಟ್ಟೆ.

ಹೊಸದು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.
ಟವೆಲು ಇಲ್ಲೇ ಮರೆತುಹೋಗಿದ್ದಾಳೆ.